ಹೆಪ್ಪಿಗೊಂದು ಚಮಚ

ಭಾನುವಾರ ಬೆಳಗ್ಗೆ ಮಗಳು ತವರಿನವರನ್ನೆಲ್ಲ ತಿಂಡಿಗೆ ಕರೆದಿದ್ದಳು. ಮೇಜಿನ ನಡುವೆ ಗಟ್ಟಿ ಮೊಸರಿನ ದೊಡ್ಡ ಬೋಗುಣಿ. ಸುತ್ತ ದಾಳಿಂಬೆ, ಮಾವು, ಗೋಡಂಬಿ, ಹುರಿದ ಓಟ್ಸ್, ಜೇನುತುಪ್ಪ. ಅವರವರ ಗ್ಲಾಸನ್ನು ಅವರವರೇ ಪದರ ಪದರವಾಗಿ ತುಂಬಿಕೊಳ್ಳಬೇಕು.

"ಇದು ಅಜ್ಜಿ ಮೊಸರಾ, ಅತ್ತೆ?" ಅಣ್ಣನ ಪುಟ್ಟ ಮಗಳು ಕೇಳಿದಳು.

ಅತ್ತೆ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ಮತ್ತೆ? ಅಜ್ಜಿ ಹೋಗಿ ವರ್ಷ ಆಯ್ತು. ಅವಳ ಕೊನೇ ಮೊಸರಿಂದ ದಿನಾ ಒಂದು ಚಮಚ ಉಳಿಸಿ ಹೆಪ್ಪು ಹಾಕ್ತಾ ಬಂದಿದಾಳೆ ನಿಮ್ಮತ್ತೆ. ಒಂದಿನಾನೂ ತಪ್ಪಿಸಿಲ್ಲ."

ಹೆಚ್ಚಿನವರು ಎರಡೆರಡು ಸಲ ಹಾಕಿಕೊಂಡರು. ಕೊನೆಗೆ ಮಗು ಬೋಗುಣಿಗೇ ಜೇನು ಸುರಿದು, ತಳ ಬಳಿದು ತಿಂದಿತು.

"ಹೆಪ್ಪಿಗೆ ಎತ್ತಿಟ್ಟಿದೀಯೇನಮ್ಮ?" ಅಪ್ಪ ಕೇಳಿದರು.

ಅವಳು ತಲೆ ತಗ್ಗಿಸಿದಳು. ಅಣ್ಣ ತಿನ್ನುವುದನ್ನು ನಿಲ್ಲಿಸಿದ.

ಅಪ್ಪ ಮೆಲ್ಲಗೆ ತಮ್ಮ ಗ್ಲಾಸನ್ನು ಅವಳತ್ತ ಸರಿಸಿದರು. ಅದರಲ್ಲಿ ಹಣ್ಣಿರಲಿಲ್ಲ, ಜೇನಿರಲಿಲ್ಲ, ಬರೀ ಮೊಸರಿತ್ತು.

"ಗಡಿಬಿಡೀಲಿ ಮರೀತೀಯ ಅಂತ ಗೊತ್ತಿತ್ತು. ನೆಂಟರು ಬಂದ್ರೆ ನಿಮ್ಮಮ್ಮನೂ ಹೀಗೇ. ತಗೋ, ಎಂಜಲು ಮಾಡಿಲ್ಲ."

ಅವಳು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದಳು. ಅದನ್ನು ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಅಂಗಡಿಯಿಂದ ತಂದಿದ್ದ ಮೊಸರಿನ ನಾಲ್ಕು ಖಾಲಿ ಪ್ಯಾಕೆಟ್ಟುಗಳನ್ನು ಕಸದ ಬುಟ್ಟಿಯ ತಳಕ್ಕೆ ತಳ್ಳಿ, ಮೇಲೆ ದಾಳಿಂಬೆ ಸಿಪ್ಪೆ ಮುಚ್ಚಿದಳು.