ಕೊನೆಯ ಸರದಿ

ಅಮೆರಿಕದ ಒಂದು ರಾಕ್ ಬ್ಯಾಂಡು ಹಾಡಿನಿಂದ ಸಿನಿಮಾಕ್ಕೆ ಹೋಗಿ, ಸಿನಿಮಾದಿಂದ ಮಕ್ಕಳ ಕಾರ್ಟೂನಿಗೆ ಬಂದಿತ್ತು. ಒಂದೇ ವ್ಯಾನಿನಲ್ಲಿ ಊರೂರು ಸುತ್ತುವ ನಾಲ್ವರು ಗೆಳೆಯರ ಕಥೆ. ಕನ್ನಡ ಡಬ್ಬಿಂಗಿನಲ್ಲಿ ಗಿಟಾರಿನವನಿಗೆ ಪದ್ಮರಾಜರ ಧ್ವನಿ.

ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ಮೊದಲು ಬಂದವರಿಗೆ ಹೆಡ್‌ಫೋನಿನಲ್ಲಿ ಉಳಿದವರ ಉತ್ತರ ಕೇಳಿಸುವುದಿಲ್ಲ. ಅದಕ್ಕೇ ಪದ್ಮರಾಜರು ಯಾವಾಗಲೂ ಕೊನೆಯ ಸರದಿಯನ್ನೇ ಕೇಳಿ ಪಡೆಯುತ್ತಿದ್ದರು. ಅವರು ಬಾಯಿ ತೆರೆದರೆ ಸಾಕು, ಹೆಡ್‌ಫೋನಿನಲ್ಲಿ ಉಳಿದ ಮೂವರೂ ನಗುತ್ತಿದ್ದರು, ರೇಗಿಸುತ್ತಿದ್ದರು, ಡ್ರಮ್ ಬಾರಿಸುವವನು ಕೀರಲು ಧ್ವನಿಯಲ್ಲಿ "ಊಟ ಆಯ್ತೇನೋ ಗುರು?" ಎನ್ನುತ್ತಿದ್ದ. ಮನೆಯಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.

ಕೊನೆಯ ಕಂತು ಮುಗಿಯಿತು. ಪದ್ಮರಾಜರು ಹೆಡ್‌ಫೋನ್ ತೆಗೆಯಲಿಲ್ಲ.

"ಒಂದ್ಸಲ ಆ ಮೂವರನ್ನೂ ಕರೆಸಪ್ಪ. ಇಷ್ಟು ದಿನ ಮಾತಾಡಿದೀವಿ, ಮುಖಾನೇ ನೋಡಿಲ್ಲ. ಕಾಫಿ ನಂದು."

ಗಾಜಿನಾಚೆ ಕುಳಿತಿದ್ದ ರೆಕಾರ್ಡಿಂಗ್ ಎಂಜಿನಿಯರ್ ತಡವರಿಸಿದ. "ಸ್ಟುಡಿಯೋದವರು ಅಷ್ಟು ಜನರನ್ನ ಕರೆಸ್ಲೇ ಇಲ್ಲ ಸಾರ್."

"ಅಂದ್ರೆ?"

ಅವನು ಮತ್ತೆ ಮೈಕಿನ ಗುಂಡಿ ಒತ್ತಿ, ಡ್ರಮ್ ಬಾರಿಸುವವನ ಅದೇ ಕೀರಲು ಧ್ವನಿಯಲ್ಲಿ ಹೇಳಿದ:

"ಮೂವರೂ ನಾನೇ ಕಣೋ, ಗುರು."