ಗೆಳೆಯನನ್ನು ಊರಿಗೆ ತರುವ ಸರದಿ

ಕ್ಯಾಪ್ಟನ್ ವಾಮನ್‌ರ ಪೈಲಟ್ ಗೆಳೆಯ ರಜೆಗೆಂದು ಲಂಡನ್ನಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದ. ಪರದೇಶದಲ್ಲಿ ಸತ್ತವನನ್ನು ಜೊತೆಯವನೇ ವಿಮಾನ ಹಾರಿಸಿ ಊರಿಗೆ ತರಬೇಕೆಂಬುದು ಅವರ ಕಂಪನಿಯ ಪೈಲಟ್‌ಗಳ ರೂಢಿ. ವಾಮನ್ ಯೂನಿಫಾರ್ಮ್ ತೊಟ್ಟೇ ಲಂಡನ್ನಿನ ವಿಮಾನ ನಿಲ್ದಾಣಕ್ಕೆ ಬಂದರು.

“ಅಣ್ಣಾ, ಅವರನ್ನ ನೀವೇ ಕರ್ಕೊಂಡ್ ಹೋಗ್ತೀರಲ್ವಾ?” ಗೆಳೆಯನ ಹೆಂಡತಿ ಕೇಳಿದಳು.

“ನಾನೇ ಕಣಮ್ಮಾ. ಟಿಕೆಟ್ ಮೇಲೆ ನಮ್ಮ ಕಂಪನಿ ಹೆಸರೇ ಇದೆ, ನೋಡು.”

“ಮೆಲ್ಲಗೆ ಇಳಿಸಿ. ನಿಮ್ಮ ಲ್ಯಾಂಡಿಂಗ್ ಅಂದ್ರೆ ಗುಂಡಿ ರಸ್ತೇಲಿ ಎತ್ತಿನಗಾಡಿ ಅಂತಿದ್ರು.”

“ಹಾಗಂದಿದ್ನಾ ಕಳ್ಳ? ಇವತ್ತು ಹೂವಿನ ಹಾಗೆ ಇಳಿಸ್ತೀನಿ.”

ವಿಮಾನದೊಳಗೆ ಕಾಲಿಟ್ಟೊಡನೆ ಅವರು ಇಪ್ಪತ್ತು ವರ್ಷದ ಅಭ್ಯಾಸದಿಂದ ಎಡಕ್ಕೆ, ಕಾಕ್‌ಪಿಟ್ಟಿನತ್ತ ಹೊರಳಿದರು.

ಹೋದ ತಿಂಗಳಷ್ಟೇ ಆ ರೂಟನ್ನು ಬಾಚಿಕೊಂಡ ವಿದೇಶಿ ಪಾಲುದಾರ ಕಂಪನಿಯ ಗಗನಸಖಿ ನಗುತ್ತ ತೋಳು ಅಡ್ಡ ಹಿಡಿದಳು: “ಟಿಕೆಟ್ ಮೇಲಷ್ಟೇ ನಿಮ್ಮ ಕಂಪನಿ ಹೆಸರು, ಹಾರಿಸೋದು ನಮ್ಮ ಪೈಲಟ್. ಪ್ರಯಾಣಿಕರು ಬಲಕ್ಕೆ ಸರ್, ನಿಮ್ಮ ಸೀಟು ನಲವತ್ತೊಂದು ಬಿ.”