ನೆಟ್ಟಗೆ ಹೊರಟ ಒಂದು

ಗಂಡಸರ ವೀರ್ಯಾಣುಗಳೆಲ್ಲ ನಿದ್ದೆಹೋದ ಕಾಲವೊಂದಿತ್ತು. ಔಷಧಿಯ ವಾಸನೆ ತಾಗದೆ ಒಂದೂ ಬಾಲ ಅಲ್ಲಾಡಿಸುತ್ತಿರಲಿಲ್ಲ. ಆಗ ತುಮಕೂರಿನ ಪ್ರಯೋಗಾಲಯವೊಂದರಲ್ಲಿದ್ದ ಅಂಬುಜೆ, ನೆಟ್ಟಗೆ ಈಜುವ ಒಂದನ್ನಾದರೂ ತೋರಿಸುತ್ತೇನೆಂದು ಅತ್ತಿಗೆ ಗಿರಿಜೆಗೆ ಮಾತು ಕೊಟ್ಟಿದ್ದಳು. ಅದು ಕೊನೆಯ ಪರೀಕ್ಷೆ; ಅಂದೂ ಸಿಗದಿದ್ದರೆ ಗಿರಿಜೆ ಮಗುವಿನ ಆಸೆ ಬಿಡಬೇಕಿತ್ತು.

ವೀರ್ಯ ಹರಡಿದ ಗಾಜಿನ ನಟ್ಟನಡುವೆ ಔಷಧಿಯ ಹನಿ ಇಡುವುದು ಅಲ್ಲಿನ ಪದ್ಧತಿ. ಎಚ್ಚರಾದವೆಲ್ಲ ಅದರ ಸುತ್ತಲೇ ಗಿರಕಿ ಹೊಡೆಯುತ್ತಿದ್ದವು.

“ಥೂ, ಬೆಳಗ್ಗಿಂದ ಇದೇ ಆಯ್ತು! ಗುಡಿ ಕಂಡಂಗೆ ಸುತ್ತು ಹಾಕ್ತಾವೆ,” ಎಂದು ಅಂಬುಜೆ ಸಿಡುಕಿದಳು.

“ನಿಮ್ಮಣ್ಣನವಲ್ವಾ? ಅವರೂ ಹಂಗೇ. ಅಂಗಡಿಗೆ ಹೊರಟ್ರೆ ಊರೆಲ್ಲ ಸುತ್ಕೊಂಡು ಬರ್ತಾರೆ,” ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

ರೇಗಿಹೋದ ಅಂಬುಜೆ ಮುಂದಿನ ಹನಿಯನ್ನು ಗಾಜಿನ ಅಂಚಿಗೆ ಕುಕ್ಕಿದಳು. ಒಂದು ಎದ್ದಿತು. ಹನಿಯ ಕಡೆ ತಿರುಗಿ ನೆಟ್ಟಗೆ ಹೊರಟಿತು.

“ಅತ್ತಿಗೆ, ಬೇಗ ಬನ್ನಿ!”

ಗಿರಿಜೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಅದು ಅಂಚು ಮುಟ್ಟುವುದನ್ನು ನೋಡಿದಳು.